ಜಿಗ್‌ಗೆ ಪೌಡರ್ ಪೇಂಟ್: ನೇಲ್ ಪಾಲಿಶ್‌ಗಿಂತ ಎಷ್ಟೋ ಮೇಲು

ಮಂಡ್ಯದ ಕಡೆ ಮನೆಯಲ್ಲೇ ಸೀಸ ಎರಕ ಹೊಯ್ದು ಜಿಗ್ (ಮೀನು ಹಿಡಿಯುವ, ಸೀಸದ ತಲೆಯ ಕೊಕ್ಕೆ) ಮಾಡುವ ನನ್ನ ಗೆಳೆಯರೆಲ್ಲ ಬಣ್ಣಕ್ಕೆ ನೇಲ್ ಪಾಲಿಶ್ ಬಳಿಯುತ್ತಾರೆ. ಕಾವೇರಿಯ ಬಂಡೆಗೆ ನಾಲ್ಕು ಸಲ ತಗುಲಿದರೆ ಅದು ಚಕ್ಕೆ ಎದ್ದು ಹೋಗುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಈ ಪೌಡರ್ ಪೇಂಟ್ ಹಾಗಲ್ಲ. ಹೀಟ್ ಗನ್‌ನಲ್ಲಿ ಜಿಗ್ ತಲೆ ಬಿಸಿ ಮಾಡಿ, ಪುಡಿಯಲ್ಲಿ ಒಂದೆರಡು ಸೆಕೆಂಡ್ ಅದ್ದಿ ತೆಗೆದರೆ ಕರಗಿ ಹೊಳೆಯುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಸುಮ್ನೆ ದಂಡ. ಓವನ್‌ನಲ್ಲಿ ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ 15–20 ನಿಮಿಷ ಬೇಯಿಸಿದ ಮೇಲೇ ಅದು ಗಟ್ಟಿಯಾಗುವುದು. ಸೀಸ ಕರಗುವುದು 327ಕ್ಕೆ, ಹಾಗಾಗಿ ಆ ಭಯ ಬೇಡ. ಅಡುಗೆಯ ಓವನ್ ಮಾತ್ರ ಮುಟ್ಟಬೇಡಿ, ಹಳೇದೊಂದು ಬೇರೆ ಇಟ್ಟುಕೊಳ್ಳಿ, ಮಾಸ್ಕ್ ಹಾಕಿ, ಕಿಟಕಿ ತೆಗೆದಿಡಿ.

ಕಪ್ಪು, ಬಿಳಿ ಚೆನ್ನಾಗಿವೆ. ಗಿಳಿಹಸಿರು ಡಬ್ಬಿ ಮೇಲಿನ ಚಿತ್ರದಷ್ಟು ಮಿಂಚುವುದಿಲ್ಲ, ಕೆಳಗೊಂದು ಬಿಳಿ ಕೋಟ್ ಬೇಕೇ ಬೇಕು, ಅದನ್ನು ಡಬ್ಬಿಯಲ್ಲಿ ಎಲ್ಲೂ ಹೇಳಿಲ್ಲ, ಹೇಳಬೇಕಿತ್ತು ಅಲ್ವಾ? ಪುಡಿ ಗಂಟು ಕಟ್ಟಿ ಬಂದಿತ್ತು, ಅಲುಗಾಡಿಸಿ ಸಡಿಲ ಮಾಡಬೇಕಾಯಿತು. ದಾರ ಕಟ್ಟುವ ಕೊಕ್ಕೆಯ ಕಣ್ಣು ಮುಚ್ಚಿಕೊಂಡರೆ ಬೇಯಿಸುವ ಮುಂಚೆಯೇ ಸೂಜಿ ಹಾಕಿ ಬಿಡಿಸಿ, ಆಮೇಲೆ ಕಷ್ಟ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಪುಟ್ಟ ಡಬ್ಬಿಯೇ ತುಂಬಾ ಜಿಗ್‌ಗೆ ಬರುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ.