ತಟ್ಟೆ ಮಗುಚಿ ವರ್ಷ ಹುಡುಕುವಾಗ ಯಾವ ಗುರುತನ್ನು ನಂಬೋದು?

ನನ್ನ ಮೇಜಿನ ಮೇಲೆ ನಾಲ್ಕು ಪಿಂಗಾಣಿ ಸಾಮಾನು ಬೋರಲು ಮಲಗಿವೆ. ವೆಜ್‌ವುಡ್‌ನ ಕೆನೆಬಣ್ಣದ ತಟ್ಟೆ, ಕೋಪ್‌ಲ್ಯಾಂಡ್‌ನ ನೀಲಿ ಸಾಸರ್, ಮಿಂಟನ್ಸ್‌ನ ಬಟ್ಟಲು, ಮತ್ತೆ ಒಂದು ಕಂದು ಹೂವಿನ ಹೂಜಿ. ಮೊದಲ ಮೂರೂ ಇಂಗ್ಲೆಂಡಿನ ಪಿಂಗಾಣಿ ಕಂಪನಿಗಳ ಹೆಸರು. ಹೂಜಿಗೆ ಮಾಡಿದವರ ಹೆಸರೇ ಇಲ್ಲ, ಅಡಿಯಲ್ಲಿ ವಜ್ರಾಕಾರದ ಮುದ್ರೆಯೊಂದೇ. ಇಂಗ್ಲೆಂಡಿನ ಭಾನುವಾರದ ಸಂತೆಗಳಲ್ಲಿ ಒಂದೊಂದಾಗಿ ಸಿಕ್ಕವು. ಅಡಿಯ ಗುರುತಿನಿಂದ ವರ್ಷ ಹೇಳುವುದರಲ್ಲಿ ಯಾವುದು ಗಟ್ಟಿ ಅಂತ ಒಂದು ವಾರ ಕೂತು ನೋಡಿದೆ.

ಮೊದಲು ವಜ್ರ. 1842ರಿಂದ 1883ರವರೆಗೆ ಬ್ರಿಟನ್ನಿನಲ್ಲಿ ವಿನ್ಯಾಸ ನೋಂದಾಯಿಸಿದರೆ ಈ ಮುದ್ರೆ. ನೆತ್ತಿಯ ವೃತ್ತದಲ್ಲಿ ರೋಮನ್ ನಾಲ್ಕು ಇದ್ದರೆ ಅದು ಪಿಂಗಾಣಿ, ಮಣ್ಣಿನ ಸಾಮಾನಿನ ವರ್ಗ. ನೋಡೋಕೆ ಚೆಂದ, ಎಡವಿಸೋದೂ ಇದೇ. ನನ್ನ ಹೂಜಿಯಲ್ಲಿ ವರ್ಷ ಸೂಚಿಸುವ 'ವಿ' ಅಕ್ಷರ ಕಂಡು 1850 ಅಂತ ಬರೆದುಕೊಂಡೆ. ಮರುದಿನ ಭೂತಗನ್ನಡಿ ಹಿಡಿದಾಗ ಆ ಅಕ್ಷರ ಇದ್ದದ್ದು ಬಲ ಮೂಲೆಯಲ್ಲಿ. ವರ್ಷದ ಅಕ್ಷರ 1867ರವರೆಗೆ ವೃತ್ತದ ಕೆಳಗೆ, ಮೇಲಿನ ಮೂಲೆಯಲ್ಲಿರುತ್ತಿತ್ತು. 1868ರಿಂದ ಬಲಕ್ಕೆ ಸರಿಯಿತು. ಅಂದರೆ ನನ್ನದು 1876. ಒಂದೇ ಅಕ್ಷರ, ಇಪ್ಪತ್ತಾರು ವರ್ಷದ ವ್ಯತ್ಯಾಸ! ಅದಕ್ಕಿಂತ ದೊಡ್ಡ ಮಾತೆಂದರೆ, ಅದು ವಿನ್ಯಾಸ ನೋಂದಾಯಿಸಿದ ದಿನ, ಹೂಜಿ ಮಾಡಿದ ದಿನವಲ್ಲ. ಅದೇ ಮುದ್ರೆ ಹಾಕಿ ಆಮೇಲೂ ವರ್ಷಗಟ್ಟಲೆ ಮಾಡುತ್ತಿದ್ದರು.

ವೆಜ್‌ವುಡ್ ದಾರಿಯೇ ಬೇರೆ. 1860ರಿಂದ ಹಸಿ ಮಣ್ಣಿಗೇ ಮೂರು ಅಕ್ಷರ ಒತ್ತಿದರು: ತಿಂಗಳು, ಕುಂಬಾರನ ಗುರುತು, ವರ್ಷ. ಮೇಲೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ತುಂಬಿಕೊಂಡರೆ ಬರಿಗಣ್ಣಿಗೆ ಕಾಣೋದಿಲ್ಲ. ನಾನು ದೀಪ ಆರಿಸಿ, ಟಾರ್ಚನ್ನು ತಟ್ಟೆಯ ಮಟ್ಟಕ್ಕೆ ಅಡ್ಡ ಹಿಡಿದೆ. ನೆರಳಿನಲ್ಲಿ ಎಸ್, ಟಿ, ಎ ಮೆಲ್ಲಗೆ ಎದ್ದು ಬಂದವು. ಎಸ್ ಅಂದರೆ ಸೆಪ್ಟೆಂಬರ್. ಎ ಅಂದರೆ 1872, ಇಲ್ಲವೇ 1898, ಏಕೆಂದರೆ ವರ್ಷದ ಅಕ್ಷರಗಳು ಒಂದು ಸುತ್ತು ಮುಗಿದ ಮೇಲೆ ಮತ್ತೆ ಬರುತ್ತವೆ. 1891ರಲ್ಲಿ ಅಮೆರಿಕದ ಹೊಸ ಸುಂಕದ ಕಾನೂನು ಜಾರಿಯಾದ ಮೇಲೆ 'ಇಂಗ್ಲೆಂಡ್' ಅನ್ನೋ ಪದವೂ ಸೇರಿತು. ನನ್ನ ತಟ್ಟೆಯಲ್ಲಿ ಅದಿಲ್ಲ. ಹಾಗಾಗಿ 1872ರ ಪರ ನಾನು.

ಹೆಸರಿನ ವಿಷಯದಲ್ಲಿ ಮಾತ್ರ ಹುಷಾರು. ಇಂಗ್ಲಿಷ್ ಕಾಗುಣಿತದಲ್ಲಿ 'ವೆಜ್' ಆದ ಮೇಲೆ, 'ವುಡ್'ಗೆ ಮುಂಚೆ, ಒಂದು 'ಇ' ಹೆಚ್ಚಾಗಿ ಬಂದರೆ (Wedgewood) ಅದು ಸ್ಟಾಕ್‌ಟನ್‌ನ ವಿಲಿಯಂ ಸ್ಮಿತ್ ಕಂಪನಿಯದ್ದಿರಬಹುದು. 'ವೆಜ್‌ವುಡ್ ಅಂಡ್ ಕೋ' ಅಂತಿದ್ದರೆ ಟನ್‌ಸ್ಟಾಲ್‌ನ ಬೇರೆ ಕಾರ್ಖಾನೆ. ಇಂಥದ್ದನ್ನೇ ಅಸಲಿ ಅಂತ ಒಬ್ಬ ವ್ಯಾಪಾರಿ ನನಗೆ ದಾಟಿಸಿದ್ದ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮಿಂಟನ್ 1842ರಿಂದ ವರ್ಷಕ್ಕೊಂದು ಪುಟ್ಟ ಚಿಹ್ನೆ ಒತ್ತಿತು. 1843ಕ್ಕೆ ತ್ರಿಕೋನ, 1844ಕ್ಕೆ ಚೌಕ. ನನ್ನ ಬಟ್ಟಲಿನ ಚಿಹ್ನೆ ಗ್ಲೇಜಿನಲ್ಲಿ ಮುಳುಗಿಹೋಗಿದೆ. ಹೆಸರಿನ ಕೊನೆಗೆ 'ಎಸ್' ಇರುವುದರಿಂದ ಸುಮಾರು 1873ರಿಂದೀಚಿನದು ಅಂತ ಗೊತ್ತಾಯಿತು, ಅಷ್ಟೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೋಪ್‌ಲ್ಯಾಂಡ್. 1870ರಿಂದ ಮೇಲೆ ತಿಂಗಳ ಅಕ್ಷರ, ಕೆಳಗೆ ವರ್ಷದ ಎರಡಂಕಿ. ಸಾಸರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ, 76 ಬಂತು. ಪಟ್ಟಿ ಬೇಡ, ಊಹೆ ಬೇಡ. ಅದು ಮಣ್ಣಿಗೆ ಆಕಾರ ಕೊಟ್ಟ ವರ್ಷ. ಬಣ್ಣ ಆಮೇಲೆ ಬಿದ್ದಿರಬಹುದು.

ಹೂಜಿಯೊಳಗೆ ಒಂದು ಚೀಟಿ ಹಾಕಿದ್ದೇನೆ: '1876ರ ವಿನ್ಯಾಸ'. ಸಾಸರ್‌ನ ಚೀಟಿಯಲ್ಲಿ ಮಾತ್ರ '1876ರಲ್ಲಿ ಮಾಡಿದ್ದು' ಅಂತ ಬರೆದೆ.