ಡಿಜಿಟಲ್ ಚಿತ್ರಕ್ಕೆ ವಿಂಡೋಸಾ, ಮ್ಯಾಕಾ, ಐಪ್ಯಾಡಾ?

ಮೊದಲು ಯಾವ ಆ್ಯಪ್‌ನಲ್ಲಿ ಚಿತ್ರ ಬಿಡಿಸುತ್ತೀರಿ ಅಂತ ಗಟ್ಟಿ ಮಾಡಿಕೊಳ್ಳಿ. ಯಂತ್ರದ ಮಾತು ಆಮೇಲೆ.

ಪ್ರೊಕ್ರಿಯೇಟ್‌ನಲ್ಲೇ ಬಿಡಿಸಬೇಕು ಅಂದರೆ ಐಪ್ಯಾಡೇ ಗತಿ. ಆ್ಯಪ್‌ಗೆ ಒಂದು ಸಲ ದುಡ್ಡು ಕೊಟ್ಟರೆ ಸಾಕು, ತಿಂಗಳ ಚಂದಾ ಇಲ್ಲ. ಐಪ್ಯಾಡ್ ಮೇಲೆ ಬಿಡಿಸುವ ಆ್ಯಪಲ್ ಪೆನ್ಸಿಲ್ ಮಾತ್ರ ಬೇರೆಯಾಗಿ ಕೊಳ್ಳಬೇಕು. ಒಂದು ತೊಡಕಿದೆ: ಕ್ಯಾನ್ವಾಸ್ ದೊಡ್ಡದಾದಷ್ಟೂ ಲೇಯರ್ (ಒಂದರ ಮೇಲೊಂದು ಇಟ್ಟು ಬಿಡಿಸುವ ಪಾರದರ್ಶಕ ಪದರ) ಕಡಿಮೆ ಸಿಗುತ್ತವೆ. ಸ್ಕೆಚ್‌ಗೆ ಇದು ಗೊತ್ತೇ ಆಗಲ್ಲ, ದೊಡ್ಡ ಪೋಸ್ಟರ್‌ಗೆ ಕೈ ಕಟ್ಟಿದಂತಾಗುತ್ತದೆ.

ವಿಂಡೋಸ್‌ನಲ್ಲಿ ಆಯ್ಕೆ ಜಾಸ್ತಿ. ಫೋಟೋಶಾಪ್, ಕ್ಲಿಪ್ ಸ್ಟುಡಿಯೋ ಪೇಂಟ್, ಉಚಿತವಾದ ಕ್ರಿಟಾ ಎಲ್ಲವೂ ಓಡುತ್ತವೆ. ಡೆಸ್ಕ್‌ಟಾಪ್ ಆದರೆ ಮುಂದೆ ರ್‍ಯಾಮ್ ಏರಿಸಬಹುದು. ಕಿರಿಕಿರಿ ಅಂದರೆ ಪೆನ್ ಟ್ಯಾಬ್ಲೆಟ್‌ನ (ಕಂಪ್ಯೂಟರ್‌ಗೆ ಜೋಡಿಸಿ ಪೆನ್ನಿಂದ ಬಿಡಿಸುವ ಹಲಗೆ) ಸೆಟ್ಟಿಂಗ್. ಗೆರೆ ಎಳೆಯೋಕೆ ಪೆನ್ ಊರಿದರೆ ತುದಿಯ ಸುತ್ತ ಒಂದು ಉಂಗುರ ಮೂಡಿ, ರೈಟ್ ಕ್ಲಿಕ್ ಆಗಿಬಿಡುತ್ತದೆ! ಅದನ್ನು ಆಫ್ ಮಾಡಿ. ಒತ್ತಿದರೂ ಗೆರೆ ದಪ್ಪವಾಗುತ್ತಿಲ್ಲವೇ? ಪೆನ್ನಿನ ಒತ್ತಡವನ್ನು ಆ್ಯಪ್‌ಗೆ ತಿಳಿಸೋಕೆ ವಿಂಡೋಸ್ ಇಂಕ್, ವಿನ್‌ಟ್ಯಾಬ್ ಅಂತ ಎರಡು ದಾರಿಗಳಿವೆ; ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಮೊದಲನೆಯದರ ಬದಲು ಎರಡನೆಯದು ಆರಿಸಿ ನೋಡಿ, ಅಥವಾ ಅದಲುಬದಲು ಮಾಡಿ.

ಮ್ಯಾಕ್‌ಬುಕ್‌ಗಳ ಪರದೆಯ ಬಣ್ಣ ಚೆನ್ನ, ಆದರೆ ಅದರ ಮೇಲೆ ಬರೆಯೋಕಾಗಲ್ಲ. ಪೆನ್ ಟ್ಯಾಬ್ಲೆಟ್ ಬೇಕು, ಇಲ್ಲವೇ ಐಪ್ಯಾಡನ್ನು ಮ್ಯಾಕ್‌ನ ಎರಡನೇ ಪರದೆಯಾಗಿಸುವ, 2019ರಲ್ಲಿ ಬಂದ ಸೈಡ್‌ಕಾರ್ ಸೌಲಭ್ಯದ ಮೂಲಕ ಐಪ್ಯಾಡ್ ಜೋಡಿಸಬೇಕು. ಮ್ಯಾಕ್, ಐಪ್ಯಾಡ್ ಎರಡೂ ಕೊಳ್ಳೋದು ದುಬಾರಿ, ಅಲ್ವಾ?

ಲಿನಕ್ಸ್? ಕ್ರಿಟಾ, 3ಡಿ ಚಿತ್ರಕ್ಕೆ ಬ್ಲೆಂಡರ್ ಸಾಕು ಅನ್ನುವವರಿಗೆ ಧಾರಾಳ. ಫೋಟೋಶಾಪ್‌ನ ಲಿನಕ್ಸ್ ಆವೃತ್ತಿ ಇಲ್ಲ.

ಈಗಷ್ಟೇ ಶುರು ಮಾಡುವವರು, ಮನೆಯಲ್ಲಿ ಕಂಪ್ಯೂಟರ್ ಇದ್ದರೆ, ಸುಮ್ನೆ ಒಂದು ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ ತಂದು ಕ್ರಿಟಾ ಹಾಕಿಕೊಳ್ಳಿ.