ಅಜ್ಜಿಯ ಕೈ ಮೇಲಿನ ಹಚ್ಚೆ ಕಾಣೆಯಾಯಿತು: ಫೋಟೊಗ್ರಾಫರ್ ಬುಕ್ ಮಾಡುವ ಮುಂಚೆ ಓದಿ

ನಮ್ಮಜ್ಜಿಗೆ ಈಗ 86. ಅವಳದೊಂದು ಒಳ್ಳೆಯ ಫೋಟೊ ಮನೆಯಲ್ಲಿಲ್ಲ. ಇರುವುದೆಲ್ಲ ಮದುವೆ ಮನೆಯ ಗುಂಪಿನ ಫೋಟೊ, ಬಿಟ್ಟರೆ ಆಧಾರ್ ಕಾರ್ಡಿನದು. ಹಜಾರದ ಗೋಡೆಗೆ ದೊಡ್ಡದೊಂದು ಹಾಕಿಸಬೇಕು ಅಂತ ದಾವಣಗೆರೆಯ ಒಬ್ಬ ಫ್ರೀಲಾನ್ಸ್ ಫೋಟೊಗ್ರಾಫರನ್ನು ಇನ್‌ಸ್ಟಾಗ್ರಾಂನಲ್ಲಿ ಹುಡುಕಿ ಮಾತಾಡಿಸಿದೆ. ಒಟ್ಟು 9,000 ರೂಪಾಯಿ, 5,000 ಮುಂಗಡ. ಹೆಸರು ಬರೆಯುವುದಿಲ್ಲ. ನಿಮಗೆ ಹೀಗಾಗಬಾರದು, ಅಷ್ಟೇ.

ಬೆಳಿಗ್ಗೆ 7ಕ್ಕೆ ಬರುತ್ತೇನೆ ಎಂದಿದ್ದರು. ಅಜ್ಜಿ ಆರೂವರೆಗೇ ಸ್ನಾನ, ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಇಳಕಲ್ ಸೀರೆ ಉಟ್ಟು ಕೂತಳು. ಸೀರೆ ಕೊಳೆಯಾಗುತ್ತದೆ ಅಂತ ರೊಟ್ಟಿಯನ್ನೂ ತಿನ್ನಲಿಲ್ಲ. ಆತ ಬಂದಿದ್ದು ಹನ್ನೊಂದೂವರೆಗೆ. ಅಷ್ಟೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಆ ಬಿಸಿಲಲ್ಲಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಬಾಗಿಲ ಪಕ್ಕದ ತಂಪು ಬೆಳಕಲ್ಲಿ ಕೂರಿಸಿದ್ದರೂ ಸಾಕಿತ್ತು. ಅದು ಬಿಟ್ಟು ತಾರಸಿಗೆ ಹತ್ತಿಸಿದರು. ಮಂಡಿ ನೋವಿನ ಮುದುಕಿ, ಒಂದೊಂದೇ ಮೆಟ್ಟಿಲು ಹಿಡಿದು ಹತ್ತಿದಳು. ಆಗಲೇ ಬೇಡ ಅನ್ನಬೇಕಿತ್ತು. ನಾನು ಸುಮ್ನಿದ್ದೆ. ಹೋಗುವಾಗ ಉಳಿದ 4,000 ಕೂಡ ಕೊಟ್ಟುಬಿಟ್ಟೆ. "ಎಲ್ಲಾ ಫೋಟೊ ಕೊಡ್ತೀನಿ ಮೇಡಂ" ಎಂದಿದ್ದರು. ಬಾಯಿಮಾತು.

ಐದು ವಾರ ಆದಮೇಲೆ ವಾಟ್ಸ್ಆ್ಯಪ್‌ನಲ್ಲಿ 14 ಫೋಟೊ ಬಂದವು. ಅಜ್ಜಿಗೆ ತೋರಿಸಿದೆ. ತುಂಬ ಹೊತ್ತು ನೋಡಿದಳು. "ಹಚ್ಚೆ ಎಲ್ಲೋಯ್ತೆ?" ಅಂದಳು.

ಅವಳ ಬಲಗೈ ಮೇಲೆ ಮೊಣಕೈವರೆಗೂ ಹಸಿರು ಹಚ್ಚೆ ಇದೆ. ಹುಡುಗಿಯಾಗಿದ್ದಾಗ ದುಗ್ಗಮ್ಮನ ಜಾತ್ರೆಗೆ ಬಂದು ಕೊರವಂಜಿ ಹತ್ತಿರ ಹಾಕಿಸಿಕೊಂಡಿದ್ದಂತೆ. ನೋವಿಗೆ ಅತ್ತಾಗ ಅವರಮ್ಮ ಬೆಲ್ಲದ ಚೂರು ಬಾಯಿಗಿಟ್ಟ ಕಥೆ ನಮಗೆಲ್ಲ ಬಾಯಿಪಾಠ. ಆ ಹಚ್ಚೆಯನ್ನು ಕಲೆ ಅಂದುಕೊಂಡು ಪೂರ್ತಿ ಅಳಿಸಿದ್ದರು. ಮುಖದ ಸುಕ್ಕು ಒಂದೂ ಇಲ್ಲ. ಹಣೆಯ ವಿಭೂತಿ ಚರ್ಮದೊಳಗೆ ಕರಗಿಹೋಗಿತ್ತು.

ತಿದ್ದದ ಫೋಟೊ ಕೊಡಿ ಎಂದೆ. ಮೊದಲು "ಕಾಪಿರೈಟ್ ನಮ್ದು, ಕೊಡಕ್ಕಾಗಲ್ಲ" ಎಂದರು. ಇದು ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ಅದನ್ನು ಹೇಳಿದ ಮೇಲೆ ಮಾತು ಬದಲಾಯಿತು. ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿ, ಅಂದರೆ ಖಾಲಿ ಮಾಡಿ, ಅದರಲ್ಲೇ ಎರಡು ಮದುವೆ ತೆಗೆದಿದ್ದಾರಂತೆ. ಫಾರ್ಮ್ಯಾಟ್ ಅಷ್ಟೇ ಆಗಿದ್ದರೆ ಎಷ್ಟೋ ಸಲ ಫೋಟೊ ವಾಪಸ್ ತೆಗೆಯಬಹುದು. ಮೇಲೆ ಹೊಸ ಫೋಟೊ ತುಂಬಿದರೆ ಮುಗಿಯಿತು. ಹಕ್ಕು ನನ್ನದೇ ಇದ್ದರೂ ಫೋಟೊ ಎಲ್ಲಿಂದ ತರಲಿ?

ಇರುವ 14ರಲ್ಲೇ ಒಂದನ್ನು ಪ್ರಿಂಟ್ ಹಾಕಿಸೋಣ ಅಂತ ಲ್ಯಾಬಿಗೆ ಹೋದೆ. ಅವರು ನೋಡಿ ಬೇಡ ಎಂದರು. ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸುತ್ತದೆ, ನಮ್ಮದು ಉದ್ದದಲ್ಲಿ 1,600 ಪಿಕ್ಸೆಲ್ ಮಾತ್ರ ಉಳಿದಿತ್ತು. 12x18 ಇಂಚಿಗೆ ಚೊಕ್ಕ ಪ್ರಿಂಟ್ ಬೇಕೆಂದರೆ 3,600x5,400 ಬೇಕು. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ, ಇಲ್ಲ ಗೂಗಲ್ ಡ್ರೈವ್‌ನಲ್ಲಿ ಹಾಕಿದ್ದರೆ ಅಳತೆಯಾದರೂ ಹಾಗೇ ಇರುತ್ತಿತ್ತು.

ಆಮೇಲೆ ಸಿಟ್ಟಿಗೆ ಅವರ ಪೇಜಿನ ಫೋಟೊಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಫೋಟೊ ಬೇರೆಲ್ಲಾದರೂ ಇದೆಯಾ ಅಂತ ಹುಡುಕಿದೆ. ನಾನು ಮೆಚ್ಚಿಕೊಂಡಿದ್ದ ಎರಡು ಮುದುಕರ ಫೋಟೊ ಬೇರೆ ಯಾರದೋ! ಎರಡು ನಿಮಿಷದ ಕೆಲಸ, ಮೊದಲೇ ಮಾಡಬೇಕಿತ್ತು. ನೀವು ಮಾಡಿ. ಚೆಂದದ ಹತ್ತು ಫೋಟೊ ನೋಡಿ ಮರುಳಾಗಬೇಡಿ, ಒಂದೇ ಮನೆಯವರಿಗೆ ಕೊಟ್ಟ ಪೂರ್ತಿ ಆಲ್ಬಮ್ ತೋರಿಸಿ ಅನ್ನಿ. ದುಡ್ಡು ಕಳಿಸುವ ಮುಂಚೆ ಎಷ್ಟು ಫೋಟೊ, ಯಾವ ಅಳತೆ, ಯಾವತ್ತು ಕೊಡುತ್ತಾರೆ, ಏನನ್ನು ತಿದ್ದಬಾರದು ಅನ್ನುವುದೆಲ್ಲ ಮೆಸೇಜಿನಲ್ಲಿ ಬರೆಸಿಕೊಳ್ಳಿ. ರಾ ಫೈಲ್, ಅಂದರೆ ಕ್ಯಾಮೆರಾದಿಂದ ಬಂದ ಹಸಿ ಫೈಲ್, ಕೊಡಲು ಒಳ್ಳೆಯವರೂ ಹಿಂಜರಿಯುತ್ತಾರೆ, ಅರ್ಧ ಆದ ಕೆಲಸ ಹೊರಗೆ ಹೋಗುತ್ತದೆ ಅಂತ. ಅದು ನ್ಯಾಯವಾದ ಮಾತೇ. ತಿದ್ದದ ಪೂರ್ಣ ಅಳತೆಯ ಜೆಪೆಗ್ (ಮಾಮೂಲಿ ಫೋಟೊ ಫೈಲ್) ಕೇಳಿ, ಸಾಕು. ಫೈಲ್ ಕೈಗೆ ಬಂದು, ತೆರೆದು ನೋಡುವವರೆಗೂ ಅರ್ಧ ದುಡ್ಡು ನಿಮ್ಮ ಹತ್ತಿರವೇ ಇರಲಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಅಜ್ಜಿ ಇನ್ನೊಂದು ಸಲ ಕೂರಲು ಒಪ್ಪಿಲ್ಲ. ದಿನಾ ಕೇಳುತ್ತಿದ್ದೇನೆ.